ತಲಘಟ್ಟಪುರದಿಂದ ನೇತ್ರಾಣಿಗೆ ಒಂದು ಸಿಲಿಂಡರು

ಕನಕಪುರ ರಸ್ತೆಯ ತಲಘಟ್ಟಪುರವೆಂದರೆ ಹಳಬರಿಗೆ ಇಂದಿಗೂ ಮೊದಲು ನೆನಪಾಗುವುದು ರೇಷ್ಮೆ ಸಂಶೋಧನಾ ಸಂಸ್ಥೆ. 2021ರ ಜನವರಿಯಲ್ಲಿ ಮೆಟ್ರೊ ಬಂದ ಮೇಲೆ ಊರಿನ ನೆತ್ತಿಯ ಮೇಲೊಂದು ನಿಲ್ದಾಣವಾಗಿದೆ. ಹತ್ತಿರದಲ್ಲೇ ನೈಸ್ ರಸ್ತೆ ಹಾಯುತ್ತದೆ. ಊರಿಂದ ಊರಿಗೆ ಸಾಗುವ ಸರಕೆಲ್ಲ ಈ ಕೂಡುದಾರಿಯಲ್ಲಿ ಒಮ್ಮೆ ನಿಧಾನಿಸಲೇಬೇಕು.

ಅರ್ಧ ಗಂಟೆ ರಸ್ತೆಬದಿಯಲ್ಲಿ ನಿಂತರೆ ಸಿಲಿಂಡರುಗಳದೇ ಒಂದು ಮೆರವಣಿಗೆ ಕಾಣಬಹುದು. ಅಡುಗೆ ಅನಿಲದ ಕೆಂಪು ಸಿಲಿಂಡರು, ಕಪ್ಪು ಮೈಗೆ ಬಿಳಿ ಹೆಗಲಿನ ಆಮ್ಲಜನಕ, ವೆಲ್ಡಿಂಗ್‌ನವರ ಕಂದುಗೆಂಪು ಅಸಿಟಿಲೀನ್. ಆಗೊಮ್ಮೆ ಈಗೊಮ್ಮೆ ಸ್ಕೂಟರಿನಲ್ಲಿ ಸವಾರನ ಕಾಲ ನಡುವೆ ಕುಳಿತ ಸಿಲಿಂಡರೂ ಹೋಗುತ್ತದೆ. ಅನಿಲ ತುಂಬಿದ ಸಿಲಿಂಡರನ್ನು ಸೈಕಲ್ಲಿನಲ್ಲಾಗಲಿ ಮೋಟಾರು ದ್ವಿಚಕ್ರ ವಾಹನದಲ್ಲಾಗಲಿ ಒಯ್ಯಕೂಡದೆಂದು ಭಾರತದ ಅನಿಲ ಸಿಲಿಂಡರ್ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ನಿಯಮದ ಪುಸ್ತಕ ಓದಿದ ಸ್ಕೂಟರ್ ಸವಾರರು ಎಷ್ಟು ಮಂದಿಯೋ!

ಈ ಮೆರವಣಿಗೆಯಲ್ಲಿ ಅಪರೂಪಕ್ಕೆ ಸೇರಬಹುದಾದ ಇನ್ನೊಂದು ಅತಿಥಿಯೆಂದರೆ ಸ್ಕೂಬಾ ಸಿಲಿಂಡರು, ಅಂದರೆ ಮುಳುಗುಗಾರರು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಕೊಳವೆ. ಬೆಂಗಳೂರಿನ ತರುಣರು ಈಜುಕೊಳದಲ್ಲಿ ಮುಳುಗುವುದನ್ನು ಕಲಿತು ಮುರುಡೇಶ್ವರಕ್ಕೆ ಹೋಗುತ್ತಾರೆ. ಅಲ್ಲಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಪಯಣ. ಹೆಚ್ಚಿನವರು ಸಿಲಿಂಡರನ್ನು ಅಲ್ಲೇ ಬಾಡಿಗೆಗೆ ಪಡೆಯುವುದರಿಂದ ಮನೆಯಿಂದ ಒಯ್ಯುವವರು ಕೆಲವರೇ. ಆದರೆ ಆ ಕೆಲವರ ಕಾರಿನ ಡಿಕ್ಕಿಯಲ್ಲಿ ಏನಿದೆ ಎಂಬುದು ತಿಳಿಯತಕ್ಕ ವಿಷಯ.

ಅದರಲ್ಲಿರುವುದು ಆಮ್ಲಜನಕವೆಂದು ಅನೇಕರ ಭಾವನೆ. ಅಲ್ಲ, ಅದು ಎಲ್ಲರೂ ಉಸಿರಾಡುವ ಗಾಳಿಯೇ. ಪಂಕ್ಚರ್ ಅಂಗಡಿಯಲ್ಲಿ ಕಾರಿನ ಟೈರಿಗೆ ‘ಮೂವತ್ತೆರಡು’ ಹಾಕಿಸುತ್ತಾರಲ್ಲ, ಅದೇ ಅಳತೆಯಲ್ಲಿ ಇಲ್ಲಿ ಮೂರು ಸಾವಿರ! ಹನ್ನೊಂದು ಲೀಟರಿನ ಸಿಲಿಂಡರಿನೊಳಗೆ ಸುಮಾರು 2,200 ಲೀಟರ್ ಗಾಳಿ ಅಡಗಿ ಕುಳಿತಿರುತ್ತದೆ. ಗಾಳಿಗೆ ತೂಕವಿಲ್ಲವೆನ್ನುವ ಹುಡುಗರು ಗಮನಿಸಬೇಕು: ಆ ಗಾಳಿಯೊಂದೇ ಎರಡೂವರೆ ಕಿಲೋ ಮೀರುತ್ತದೆ. ಸಿಲಿಂಡರೂ ಸೇರಿದರೆ ಸುಮಾರು 17 ಕಿಲೋ.

ಇದನ್ನು ಒಯ್ಯುವ ಕಾರು ತಲಘಟ್ಟಪುರದಲ್ಲಿ ನೈಸ್ ರಸ್ತೆಗೆ ಹೊರಳಿ, ತುಮಕೂರು ರಸ್ತೆ ಸೇರಿ, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರಗಳನ್ನು ದಾಟಿ, ಗೇರುಸೊಪ್ಪೆಯ ಘಟ್ಟ ಇಳಿದು ಹೊನ್ನಾವರ ಮುಟ್ಟಬೇಕು. ಹೊರಡುವ ಮುನ್ನ ಮನೆಯ ಹಿರಿಯರು ಹೇಳುವ ಬುದ್ಧಿಮಾತು ಒಂದಿದೆ: ‘ಗ್ಯಾಸ್ ಸಿಲಿಂಡರ್ ಮಲಗಿಸಬಾರದು ಕಣೋ, ನಿಲ್ಲಿಸು.’ ಅಡುಗೆ ಅನಿಲದ ಮಟ್ಟಿಗೆ ಈ ಮಾತು ಅಪ್ಪಟ ಸತ್ಯ. ಅದರೊಳಗಿರುವುದು ದ್ರವ, ಮಲಗಿಸಿದರೆ ದ್ರವವೇ ವಾಲ್ವಿನ ಬಾಯಿಗೆ ಬಂದು ನಿಲ್ಲುತ್ತದೆ. ಸ್ಕೂಬಾ ಸಿಲಿಂಡರಿನಲ್ಲಿ ದ್ರವದ ಹನಿಯೂ ಇಲ್ಲ. ಅದನ್ನು ನಿಲ್ಲಿಸಿದರೆ ಮೊದಲನೆಯ ರಸ್ತೆ ಉಬ್ಬಿನಲ್ಲೇ ಉರುಳುತ್ತದೆ, ಉರುಳಿದಾಗ ಪೆಟ್ಟು ಬೀಳುವುದು ಕತ್ತಿನ ವಾಲ್ವಿಗೆ. ವಾಲ್ವು ಮುರಿದರೆ ಒಳಗಿನ ಗಾಳಿಯೆಲ್ಲ ಒಂದೇ ದಿಕ್ಕಿಗೆ ನುಗ್ಗಿ ಸಿಲಿಂಡರು ಎದುರು ದಿಕ್ಕಿಗೆ ಹಾರುತ್ತದೆ. ದೀಪಾವಳಿಯ ರಾಕೆಟ್ಟಿಗೂ ಇದೇ ನ್ಯೂಟನ್ನನ ಮೂರನೇ ನಿಯಮ.

ಆದ್ದರಿಂದ ಇದನ್ನು ಮಲಗಿಸಲೇಬೇಕು. ಡಿಕ್ಕಿಯಲ್ಲಿ ಅಡ್ಡಲಾಗಿ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡಂತೆ ಇಟ್ಟು, ಉರುಳದ ಹಾಗೆ ಎರಡೂ ಬದಿಗೆ ಮರದ ಬೆಣೆ ಕೊಟ್ಟು, ಮೇಲೆ ಪಟ್ಟಿಯಿಂದ ಬಿಗಿಯಬೇಕು. ಉಸಿರಾಟದ ಸಾಧನವನ್ನು ಮೊದಲೇ ಬಿಚ್ಚಿ ಬೇರೆಯಾಗಿ ಇಡಬೇಕು. ವಾಲ್ವಿನ ಮೇಲೆ ಪೆಟ್ಟಿಗೆಯನ್ನೋ ಕಬ್ಬಿಣದ ಸಾಮಾನನ್ನೋ ಹೇರಬಾರದು. ಇಷ್ಟರಲ್ಲಿ ಪಟ್ಟಿಯದೇ ಮುಖ್ಯ ಕೆಲಸ. ಲೆಕ್ಕ ಹಾಕಿ ನೋಡಿ: ಗಂಟೆಗೆ 60 ಕಿ.ಮೀ. ವೇಗದ ಕಾರು ಎದುರಿನ ಲಾರಿಗೆ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆನ್ನೋಣ. ಅಷ್ಟೇ ಹೊತ್ತಿನಲ್ಲಿ 17 ಕಿಲೋದ ಸಿಲಿಂಡರನ್ನು ತಡೆದು ನಿಲ್ಲಿಸಲು ಬೇಕಾಗುವ ಬಲ ಮೂರು ಕ್ವಿಂಟಾಲಿಗೆ ಹತ್ತಿರ. ಕಟ್ಟಿಲ್ಲದ ಸಿಲಿಂಡರನ್ನು ತಡೆಯುವವರು ಯಾರು? ಹಿಂದಿನ ಸೀಟಿನಲ್ಲಿ ನಿದ್ದೆ ಹೋದ ಮಕ್ಕಳೇ? 2021ರ ಏಪ್ರಿಲ್, ಮೇ ತಿಂಗಳ ಗಾಬರಿಯಲ್ಲಿ ರೋಗಿಗಳಿಗೆಂದು ಆಮ್ಲಜನಕದ ಸಿಲಿಂಡರುಗಳನ್ನು ಸ್ವಂತ ಕಾರಿನಲ್ಲೋ ಆಟೋದಲ್ಲೋ ತಂದ ಕುಟುಂಬಗಳಿಗೆ ಈ ಲೆಕ್ಕ ಹೇಳಿಕೊಡಲು ಆಗ ಯಾರಿಗೂ ಪುರಸೊತ್ತಿರಲಿಲ್ಲ.

ಅರಸೀಕೆರೆಯ ಹೊತ್ತಿಗೆ ಬಿಸಿಲೇರುತ್ತದೆ. ಊಟಕ್ಕೆ ನಿಲ್ಲಿಸಿದ ಕಾರಿನೊಳಗೆ 60 ಡಿಗ್ರಿಯವರೆಗೂ ಕಾವು ಏರಬಹುದು. ಸಿಲಿಂಡರು ಸಿಡಿದೀತೆಂಬ ಭಯ ಸಹಜ. ಆದರೆ 30 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಒತ್ತಡ ಹೆಚ್ಚುವುದು ನೂರಕ್ಕೆ ಹತ್ತರಷ್ಟು ಮಾತ್ರ. ಇಂಥ ಸಿಲಿಂಡರುಗಳನ್ನು ತುಂಬುವ ಒತ್ತಡದ ಒಂದೂವರೆ ಪಟ್ಟಿಗೆ ಪರೀಕ್ಷಿಸಿ, ಆ ತಾರೀಖನ್ನು ಹೆಗಲಿನ ಮೇಲೆ ಕೊರೆದಿರುತ್ತಾರೆ. ಪರೀಕ್ಷೆಯ ಅವಧಿ ಮೀರಿರದಿದ್ದರೆ ಬಿಸಿಲಿಗೆ ಹೆದರಬೇಕಿಲ್ಲ. ನೆರಳಿದ್ದರೆ ನೆರಳಲ್ಲಿ ನಿಲ್ಲಿಸುವುದು ಮೇಲು, ಅಷ್ಟೆ.

ಇನ್ನು ಘಟ್ಟ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಗೇರುಸೊಪ್ಪೆಯ ತಿರುವುಗಳಲ್ಲಿ ಇಳಿಯುವಾಗ ಕಿವಿ ಮುಚ್ಚಿಕೊಂಡಂತಾಗುತ್ತದೆ, ಬೆಂಗಳೂರಲ್ಲಿ ಮುಚ್ಚಳ ಬಿಗಿದ ಖಾಲಿ ನೀರಿನ ಬಾಟಲಿ ಸೊಟ್ಟಗಾಗುತ್ತದೆ. ಸಿಲಿಂಡರಿಗೆ ಮಾತ್ರ ಇದು ಗೊತ್ತೇ ಆಗುವುದಿಲ್ಲ. ಒಳಗೆ 200 ವಾಯುಭಾರದ ಒತ್ತಡವಿರುವಾಗ ಹೊರಗಿನ ಒಂದು ವಾಯುಭಾರದ ಹತ್ತನೇ ಒಂದು ಭಾಗ ಯಾವ ಲೆಕ್ಕ? ಆದರೂ ತಿರುವಿನಲ್ಲಿ ಪಟ್ಟಿ ಸಡಿಲವಾಗಬಹುದು. ಮಾವಿನಗುಂಡಿಯ ಬಳಿ ಚಹಾಕ್ಕೆ ಇಳಿದಾಗ ಒಮ್ಮೆ ಡಿಕ್ಕಿ ತೆರೆದು ಎಳೆದು ನೋಡುವುದು ಜಾಣತನ.

ಹಿಂದಿರುಗುವ ಪ್ರಯಾಣದಲ್ಲಿ ಸಿಲಿಂಡರಿನ ಚಿಂತೆ ಇನ್ನೂ ಕಡಿಮೆ. ಪೂರ್ತಿ ಖಾಲಿ ಮಾಡದೆ ಸ್ವಲ್ಪ ಗಾಳಿ ಉಳಿಸಿದರೆ ತೇವ ಒಳಗೆ ಸೇರುವುದಿಲ್ಲ. ಕಟ್ಟುವುದನ್ನು ಮಾತ್ರ ಬಿಡುವಂತಿಲ್ಲ, ಏಕೆಂದರೆ ಲೋಹದ ತೂಕ ಹಾಗೆಯೇ ಇರುತ್ತದೆ. ಈ ಸಲ ಘಟ್ಟವನ್ನು ಗಮನಿಸಬೇಕಾದದ್ದು ಮುಳುಗಿ ಬಂದವನ ಮೈ. ನೀರಿನಡಿ ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ರಕ್ತದಲ್ಲೂ ಮಾಂಸದಲ್ಲೂ ಕರಗಿ ಸೇರಿರುತ್ತದೆ. ಮೇಲೇರಿದಂತೆ ಹೊರಗಿನ ಒತ್ತಡ ಇಳಿದರೆ ಅದು ಸೋಡಾ ಬಾಟಲಿಯಂತೆ ಗುಳ್ಳೆಯಾಗಿ ಏಳಬಹುದು. ವಿಮಾನ ಹತ್ತುವ ಮುನ್ನ ಒಂದು ಮುಳುಗಿನ ನಂತರ 12 ಗಂಟೆ, ಹಲವು ಮುಳುಗುಗಳ ನಂತರ 18 ಗಂಟೆ ಕಾಯಬೇಕೆಂದು ಮುಳುಗುಗಾರರ ಸುರಕ್ಷತಾ ಸಂಸ್ಥೆಗಳು ಹೇಳುತ್ತವೆ. ಇದು ಸುಮಾರು 600 ಮೀಟರಿನಿಂದಾಚೆಯ ಎತ್ತರಕ್ಕೆ ಅನ್ವಯಿಸುವ ಮಾತು. ಬೆಂಗಳೂರು ಅದಕ್ಕಿಂತ ಎತ್ತರದಲ್ಲಿದೆ. ಮಧ್ಯಾಹ್ನ ನೇತ್ರಾಣಿಯಿಂದ ಬಂದು ಆ ಸಂಜೆಯೇ ಬೆಂಗಳೂರಿನ ಬಸ್ಸು ಹತ್ತುವ ಹುಡುಗರಿಗೆ ಇದನ್ನು ಹೇಳುವವರು ಕಡಿಮೆ. ನೇತ್ರಾಣಿಯಲ್ಲಿ ಮೊದಲ ಸಲ ಮುಳುಗುವವರನ್ನು ಬಹಳ ಆಳಕ್ಕೆ ಕರೆದೊಯ್ಯುವುದಿಲ್ಲ, ಆದ್ದರಿಂದ ಅಪಾಯವೂ ಚಿಕ್ಕದು. ಆದರೂ ಒಂದು ರಾತ್ರಿ ಮುರುಡೇಶ್ವರದಲ್ಲೇ ತಂಗಿ, ದೇವರ ದರ್ಶನವನ್ನೂ ಮಾಡಿ, ಮರುದಿನ ಬೆಳಿಗ್ಗೆ ಹೊರಟರೂ ರಾತ್ರಿಯ ಊಟದ ಹೊತ್ತಿಗೆ ತಲಘಟ್ಟಪುರ ತಲುಪಬಹುದು.