ಕಾಚಿಗುಡದ ಅಂಜುಬುರುಕಿ

ಕಾಚಿಗುಡ ಎಂದ ಕೂಡಲೆ ಹೈದರಾಬಾದಿನ ಕನ್ನಡಿಗರಿಗೆ ನೆನಪಾಗುವುದು ನಾಲ್ಕಾರು ಸಂಗತಿಗಳು. 1916ರಲ್ಲಿ ನಿಜಾಮರ ಕಾಲದಲ್ಲಿ ಕಟ್ಟಿದ, ಗುಮ್ಮಟಗಳ ಚೆಂದದ ರೈಲು ನಿಲ್ದಾಣ. ನಮ್ಮ ಕರ್ನಾಟಕ ಸಾಹಿತ್ಯ ಮಂದಿರ. ಮಕ್ಕಳು ಓದಿದ ನೃಪತುಂಗ ಶಾಲೆ. ಊರಿಗೆ ಹೋಗುವ ಬೆಂಗಳೂರು ರೈಲು. 1956ರ ನವೆಂಬರ್ 1ರವರೆಗೆ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದೇ ರಾಜಧಾನಿ. ಓದಿಗೆ, ಕೋರ್ಟಿಗೆ, ನೌಕರಿಗೆ ಅಂತ ಬಂದ ನಮ್ಮ ಹಿರಿಯರು ಇಲ್ಲಿನ ಗಲ್ಲಿಗಳಲ್ಲಿ ಮನೆ ಹಿಡಿದರು, ಇಲ್ಲಿಯವರೇ ಆದರು. ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ನಾನು ಇಂದು ಹೇಳಹೊರಟಿರುವುದು ಈ ಗಲ್ಲಿಗಳ ಇನ್ನೊಂದು ಜಾತಿಯ ನಿವಾಸಿಯ ವಿಷಯ. ಅದಕ್ಕೆ ರೇಷನ್ ಕಾರ್ಡಿಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲ. ಆದರೆ ಮನೆ ಕಳೆದುಕೊಳ್ಳುವ ಸಂಕಟ ಮಾತ್ರ ನಮ್ಮಷ್ಟೇ ಇದೆ.

ಚಪ್ಪಲ್ ಬಜಾರಿನಿಂದ ಬರ್ಕತ್‌ಪುರದ ಕಡೆಗೆ ಒಂದು ಸಂಜೆ ನಡೆದು ನೋಡಿ. ನಡುವೆ ಅಂಗಳ, ಮೂಲೆಯಲ್ಲಿ ಬಾವಿ, ಹಿಂದೆ ಕಟ್ಟಿಗೆ ಕೋಣೆ ಇದ್ದ ಹಳೆಯ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾಗುತ್ತಿವೆ. ನಾವಿರುವುದೂ ಅಂಥ ಒಂದು ಕಟ್ಟಡದ ನೆಲಮಹಡಿಯಲ್ಲಿ. ಅಡಿಗೆಮನೆಯ ಹಿಂದಿನ ಬಾಗಿಲು ತೆರೆದರೆ ಒಂದಿಷ್ಟು ಹಿತ್ತಿಲು. ಅದಕ್ಕೆ ಹಾಸಿರುವುದು ಷಹಾಬಾದ್ ಕಲ್ಲು, ನಮ್ಮ ಕಲಬುರ್ಗಿ ಸೀಮೆಯದೇ. ಬಾಗಿಲಿನಿಂದ ಕಾಂಪೌಂಡ್ ಗೋಡೆಗೆ ಸರಿಯಾಗಿ ಹನ್ನೊಂದು ಕಲ್ಲು. ಈ ಲೆಕ್ಕ ನನಗೇಕೆ ಬಾಯಿಪಾಠ ಎಂದು ಮುಂದೆ ನಿಮಗೇ ತಿಳಿಯುತ್ತದೆ.

2022ರ ಶ್ರಾವಣದಲ್ಲಿ ಗೋಡೆಯಾಚೆಯ ಹಳೆಯ ಮನೆಯಿಂದ ಒಂದು ಬೂದು ಬಣ್ಣದ ಹೆಣ್ಣು ಬೆಕ್ಕು ನಮ್ಮ ಹಿತ್ತಿಲಿಗೆ ಇಣುಕತೊಡಗಿತು. ಆ ಮನೆಯವರು ಬಿಲ್ಡರಿಗೆ ಒಪ್ಪಿಸಿ ಬೇರೆಡೆಗೆ ಹೋಗಿ ಎರಡು ತಿಂಗಳಾಗಿತ್ತು. ಅವರು ಹಾಕುತ್ತಿದ್ದ ಒಂದು ತುತ್ತೂ ಅದಕ್ಕೆ ಆಗಲೇ ತಪ್ಪಿತ್ತು. ಒಂದು ಕಿವಿ ಹರಿದಿತ್ತು, ಬೆನ್ನ ಮೇಲೆ ಬಿಸಿನೀರೋ ಎಣ್ಣೆಯೋ ಬಿದ್ದು ಕೂದಲು ಹೋದ ಗುರುತು. ನಾನು ಬಾಗಿಲ ಚಿಲಕ ತೆಗೆದ ಸದ್ದಿಗೇ ಗೋಡೆ ಹಾರಿ ಮಾಯ. ಇಂಥ ಅಂಜುಬುರುಕಿಯನ್ನು ನಾನು ಕಂಡಿರಲಿಲ್ಲ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆ ನೆನಪಿದೆಯಲ್ಲ? ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದಕ್ಕೆ ಹಾಲಿಗಾಗಿ ಒಂದು ಹಸು ಕೊಟ್ಟ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡುತ್ತಿತ್ತು. ಚಿಕ್ಕಂದಿನಲ್ಲಿ ಈ ಕಥೆ ಕೇಳಿ ನಾವೆಲ್ಲ ನಕ್ಕವರೇ. ಆ ಬೆಕ್ಕಿನ ಕಡೆಯಿಂದ ಯೋಚಿಸಿದರೆ ನಗು ಬರುವುದಿಲ್ಲ. ಭಯ ಹುಟ್ಟಲು ಒಂದು ದಿನ ಸಾಕು. ಅದನ್ನು ಕಳೆಯಲು ಎಷ್ಟು ದಿನ ಬೇಕೆಂದು ಕಥೆ ಹೇಳುವುದಿಲ್ಲ. ಅದನ್ನು ನಾನು ನಮ್ಮ ಹಿತ್ತಿಲಲ್ಲಿ ಕಲಿತೆ.

ನನಗೆ ಗುರುವಾಗಿ ಸಿಕ್ಕವರು ಪಕ್ಕದ ಫ್ಲ್ಯಾಟಿನ ಆಪಾ. ಎಪ್ಪತ್ತು ದಾಟಿದ ಹಿರಿಯರು. ಅವರ ತವರಿನಲ್ಲಿ ಬೆಕ್ಕಿಲ್ಲದ ದಿನವೇ ಇರಲಿಲ್ಲವಂತೆ. ಪ್ರವಾದಿಗಳ ಒಡನಾಡಿಯೊಬ್ಬರಿಗೆ ಅಬು ಹುರೈರಾ, ಅಂದರೆ ಮರಿಬೆಕ್ಕಿನ ತಂದೆ, ಎಂದೇ ಹೆಸರು ಬಂದದ್ದನ್ನು ಅವರೇ ನನಗೆ ಹೇಳಿದ್ದು. ನಮ್ಮಲ್ಲಿ ಬೆಕ್ಕು ಅಡ್ಡ ಬಂದರೆ ಎರಡು ನಿಮಿಷ ಕೂತು ನೀರು ಕುಡಿದು ಹೊರಡುವ ಪದ್ಧತಿ. ಮಗು ಹುಟ್ಟಿದ ಆರನೆಯ ದಿನ ಪೂಜಿಸುವ ಷಷ್ಠೀದೇವಿಯ ವಾಹನವೂ ಬೆಕ್ಕೇ ಎಂಬುದನ್ನು ನಾವು ಮರೆತುಬಿಡುತ್ತೇವೆ. "ಜಲ್ದಿ ನಕ್ಕೋ ಕರೋ ಭಾಭಿ" ಎಂದರು ಆಪಾ. ಅವಸರ ಬೇಡ, ಅಷ್ಟೇ ಅವರ ಮಂತ್ರ.

ಊಟದ ವಿಷಯದಲ್ಲೇ ಮೊದಲ ತೊಡಕು. ನಮ್ಮದು ಶುದ್ಧ ಶಾಕಾಹಾರದ ಮನೆ. ಬೆಕ್ಕಿಗೆ ಹಾಲನ್ನ ಸಾಕು ಎಂದು ನಮ್ಮ ನಂಬಿಕೆ. ಆದರೆ ಬೆಕ್ಕು ಮಾಂಸಾಹಾರಿ ಪ್ರಾಣಿ. ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಸಿಗದಿದ್ದರೆ ಕಣ್ಣು ಕುರುಡಾಗುತ್ತದೆ, ಹೃದಯ ಸೊರಗುತ್ತದೆ. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಅರಗುವುದೂ ಇಲ್ಲ, ಹೊಟ್ಟೆ ಕೆಡುತ್ತದೆ. ಕೊನೆಗೆ ಒಪ್ಪಂದವಾಯಿತು. ಆಪಾ ಉಪ್ಪು ಖಾರ ಈರುಳ್ಳಿ ಹಾಕದೆ ಬೇಯಿಸಿದ ಕೋಳಿ ಚೂರುಗಳನ್ನು ಕೊಡುವುದು, ನಾನು ಅದನ್ನು ಹಿತ್ತಿಲಲ್ಲೇ ಬೇರೆ ತಟ್ಟೆಯಲ್ಲಿ ಇಡುವುದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿಗೆ ವಿಷವೇ ಎಂದು ನೆನಪಿಡಿ. ನಮ್ಮವರು "ಇದೇನು ಹೊಸ ಮಡಿ!" ಎಂದು ನಕ್ಕರೂ ತಟ್ಟೆ ಇಡಲು ಒಂದು ಮಣೆ ತಾವೇ ತಂದುಕೊಟ್ಟರು.

ಸಮಯ ಗಟ್ಟಿ ಮಾಡಿದೆ. ಬೆಳಿಗ್ಗೆ ಆರೂವರೆ, ಸಂಜೆ ದೀಪ ಹಚ್ಚಿದ ಮೇಲೆ. ಚಮಚದಿಂದ ತಟ್ಟೆಯನ್ನು ಎರಡು ಸಲ ತಟ್ಟುವುದು. ಅದೇ ಸದ್ದು, ಅದೇ ಜಾಗ, ಅದೇ ಹಳೆಯ ಶಾಲು. ಮೊದಲ ವಾರ ತಟ್ಟೆ ಗೋಡೆಯ ಬುಡದಲ್ಲಿ, ಹನ್ನೊಂದನೆಯ ಕಲ್ಲಿನ ಮೇಲೆ. ನಾನು ಹೊಸ್ತಿಲ ಮೇಲೆ. ನಿಂತರೆ ನಾವು ಅದಕ್ಕೆ ಮರದಷ್ಟು ಎತ್ತರ, ಆದ್ದರಿಂದ ಕೂತೇ ಇರಬೇಕು, ಅದೂ ಪಕ್ಕಕ್ಕೆ ತಿರುಗಿ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಬೆಕ್ಕಿನ ಭಾಷೆಯಲ್ಲಿ ಜಗಳಕ್ಕೆ ಕರೆದಂತೆ. ನೋಡಲೇಬೇಕಾದರೆ ಕಣ್ಣನ್ನು ಮೆಲ್ಲಗೆ ಅರ್ಧ ಮುಚ್ಚಿ ತೆರೆಯಬೇಕು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನೇ ಪರೀಕ್ಷಿಸಿ, ಹೀಗೆ ನಿಧಾನವಾಗಿ ಕಣ್ಣು ಮಿಟುಕಿಸಿದರೆ ಬೆಕ್ಕುಗಳೂ ಹಾಗೇ ಉತ್ತರಿಸುತ್ತವೆ, ಚಾಚಿದ ಕೈಯ ಬಳಿಗೆ ಬರಲು ಹೆಚ್ಚು ಒಲವು ತೋರುತ್ತವೆ ಎಂದು ಕಂಡುಕೊಂಡರು. ಆಪಾ ಇದನ್ನು ಯಾವ ವಿಶ್ವವಿದ್ಯಾಲಯಕ್ಕೂ ಹೋಗದೆ ಹೇಳಿದ್ದರು.

ಎರಡು ದಿನಕ್ಕೊಮ್ಮೆ ತಟ್ಟೆಯನ್ನು ಒಂದು ಕಲ್ಲು ಈಚೆಗೆ ಸರಿಸುವುದು. ಅದು ಬರದಿದ್ದರೆ ಮತ್ತೆ ಒಂದು ಕಲ್ಲು ಆಚೆಗೆ. ಹತ್ತು, ಒಂಬತ್ತು, ಎಂಟು... ನಮ್ಮ ಸಂಸಾರದ ಉಳಿತಾಯ ಖಾತೆಯನ್ನೂ ನಾನು ಇಷ್ಟು ಎಚ್ಚರದಿಂದ ಬರೆದವಳಲ್ಲ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವರಿಗೆ ಟಿ.ಎಸ್. ಎಲಿಯಟ್ 1939ರಲ್ಲಿ ಬೆಕ್ಕುಗಳ ಮೇಲೇ ಒಂದು ಪದ್ಯಪುಸ್ತಕ ತಂದದ್ದು ಗೊತ್ತಿರಬಹುದು. ಬೆಕ್ಕಿಗೆ ಮೂರು ಹೆಸರು ಬೇಕು ಎಂಬುದು ಅದರಲ್ಲಿನ ಒಂದು ಪದ್ಯದ ವಾದ. ಹೈದರಾಬಾದಿನಲ್ಲಿ ಇದಕ್ಕೆ ಕವಿ ಬೇಕಿಲ್ಲ. ವಾಚ್‌ಮನ್ನನ ಹೆಂಡತಿಗೆ ಅದು ಪಿಲ್ಲಿ, ಆಪಾಗೆ ಬಿಲ್ಲಿ, ನನಗೆ ಪುಟ್ಟಿ. ಮೂರಕ್ಕೂ ಅದು ಕಿವಿ ತಿರುಗಿಸುತ್ತಿತ್ತು.

ಆರನೆಯ ಕಲ್ಲಿಗೆ ಬಂದಿದ್ದಾಗ ಗಣೇಶನ ಹಬ್ಬ ಬಂತು. ನಮ್ಮ ಗಲ್ಲಿಯ ಡೋಲು, ಮೈಕು, ಹುಸೇನ್ ಸಾಗರಕ್ಕೆ ಹೊರಟ ಮೆರವಣಿಗೆಗಳು ನಿಮಗೆ ಗೊತ್ತೇ ಇವೆ. ಪುಟ್ಟಿ ಹತ್ತು ದಿನ ನಾಪತ್ತೆ. ತಿರುಗಿ ಬಂದಾಗ ಹೊಟ್ಟೆ ಇಳಿದಿತ್ತು, ಮೊಲೆಗಳು ತುಂಬಿದ್ದವು. ಗೋಡೆಯಾಚೆಯ ಕಟ್ಟಿಗೆ ಕೋಣೆಯಲ್ಲಿ ಮೂರು ಮರಿ ಹಾಕಿದೆ ಎಂದು ವಾಚ್‌ಮನ್ನನ ಮಗ ಸುದ್ದಿ ತಂದ. ಮರುದಿನವೇ ಇನ್ನೊಂದು ಸುದ್ದಿ: ದಸರೆ ಮುಗಿದ ವಾರದಲ್ಲಿ ಆ ಮನೆ ಕೆಡವಲು ಜೆಸಿಬಿ ಬರುತ್ತದೆ.

ಈಗ ಆಟ ಹೋಗಿ ಪ್ರಾಣದ ಪ್ರಶ್ನೆಯಾಯಿತು. ಮರಿಗಳನ್ನು ನಾವೇ ಎತ್ತಿ ತರಬಹುದಲ್ಲ ಎಂದು ನಮ್ಮವರು ಕೇಳಿದರು. ಕಟ್ಟಿಗೆಯ ಒಟ್ಟಿಲು ಮಾಡಿನವರೆಗೆ ಇತ್ತು. ಕೈ ಹಾಕಿದರೆ ತಾಯಿ ಬೆದರಿ ಮರಿಗಳನ್ನು ಇನ್ನೂ ಒಳಗೆ ಒಯ್ಯುವ ಭಯ. ಹಿರಿಯರು ಹೇಳುವ ಮಾರ್ಜಾಲ ಕಿಶೋರ ನ್ಯಾಯ ನೆನಪಾಯಿತು. ಕೋತಿಮರಿ ತಾಯಿಯನ್ನು ತಾನೇ ಹಿಡಿದುಕೊಳ್ಳುತ್ತದೆ. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ, ಮರಿ ಸುಮ್ಮನೆ ನಂಬಿ ಜೋತಿರುತ್ತದೆ. ದೇವರ ಮೇಲಿನ ಭರವಸೆಗೆ ಕೊಡುವ ದೃಷ್ಟಾಂತ ಇದು. ಆದರೆ ಆ ತಾಯಿ ಯಾರನ್ನು ನಂಬಬೇಕು? ನಮ್ಮ ಹಿತ್ತಿಲನ್ನು. ಅದಕ್ಕೆ ನನ್ನ ಕೈಯಲ್ಲಿದ್ದದ್ದು ಮೂರು ವಾರ.

ಬಾಗಿಲ ಪಕ್ಕ ಹಳೆಯ ಟ್ರಂಕನ್ನು ಮಗ್ಗುಲಾಗಿ ಮಲಗಿಸಿ, ಒಳಗೆ ಹಳೆಯ ಸೀರೆ ಹಾಸಿ, ಬಾಯಿಗೆ ಗೋಣಿಚೀಲದ ಪರದೆ ಬಿಟ್ಟೆ. ತಟ್ಟೆ ಆರರಿಂದ ಐದು, ನಾಲ್ಕು, ಮೂರು. ಮೂರನೆಯ ಕಲ್ಲಿನಲ್ಲಿ ಒಂದು ಸಂಜೆ ನನ್ನ ಚಾಚಿದ ಬೆರಳನ್ನು ಮೂಸಿತು. ನಾನು ಮುಟ್ಟಲಿಲ್ಲ. ಮರುದಿನ ಅದೇ ಬಂದು ಕೆನ್ನೆ ಉಜ್ಜಿತು. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಹೀಗೆ ಉಜ್ಜಿದರೆ ಇದು ನನ್ನದು ಎಂದು ಗುರುತು ಹಾಕಿದಂತೆ. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ, ಅಷ್ಟು ಸಂತೋಷ.

ಯಂತ್ರ ಬಂದದ್ದು ಬೆಳಿಗ್ಗೆ ಹತ್ತಕ್ಕೆ. ಮುಂಭಾಗದ ಗೋಡೆ ಬಿದ್ದ ಸದ್ದಿಗೆ ನಮ್ಮ ಕಿಟಕಿಗಳೇ ನಡುಗಿದವು. ವಾಚ್‌ಮನ್ ಹೋಗಿ ಕೆಲಸದವರಿಗೆ ಕೈಮುಗಿದು, ಕಟ್ಟಿಗೆ ಕೋಣೆಯನ್ನು ಕೊನೆಗೆ ಮುಟ್ಟಲು ಒಪ್ಪಿಸಿದ. ಮಧ್ಯಾಹ್ನ ಅವರು ಊಟಕ್ಕೆ ನಿಲ್ಲಿಸಿದಾಗ ಪುಟ್ಟಿ ಗೋಡೆಯ ಮೇಲೆ ಕಂಡಿತು. ಬಾಯಲ್ಲಿ ಒಂದು ಮರಿ. ಹನ್ನೊಂದೂ ಕಲ್ಲುಗಳನ್ನು ಒಂದೇ ಓಟದಲ್ಲಿ ದಾಟಿ ಟ್ರಂಕಿನೊಳಗೆ ಬಿಟ್ಟು ಮತ್ತೆ ಹೋಯಿತು. ಎರಡನೆಯದನ್ನೂ ತಂದಿತು. ಮೂರನೆಯದು ಬರಲಿಲ್ಲ. ಸಂಜೆ ಹುಡುಗ ಅವಶೇಷದಲ್ಲೆಲ್ಲ ಹುಡುಕಿ ಬರಿಗೈಯಲ್ಲಿ ಬಂದ. ಎರಡು ರಾತ್ರಿ ಆ ತಾಯಿ ಗೋಡೆಯ ಮೇಲೆ ಕೂತು ಕೂಗಿದ್ದನ್ನು ಕೇಳಿದವರಿಗೆ, ಪ್ರಾಣಿಗೇನು ತಿಳಿಯುತ್ತದೆ ಎಂದು ಹೇಳುವ ಬಾಯಿ ಬರುವುದಿಲ್ಲ.

ಆಮೇಲೆ ಪುಟ್ಟಿ ಮತ್ತೆ ನನ್ನನ್ನು ಕಂಡರೆ ಬುಸುಗುಟ್ಟಿತು. ಮೂರನೆಯ ಕಲ್ಲಿನಿಂದ ನಾವು ಏಳನೆಯ ಕಲ್ಲಿಗೆ ಹಿಂದೆ ಹೋದೆವು. ದೀಪಾವಳಿಯ ಪಟಾಕಿ ಬೇರೆ. ಆದರೆ ಈ ಸಲ ನಾಲ್ಕು ಕಲ್ಲು ದಾಟಲು ಒಂದೇ ವಾರ ಹಿಡಿಯಿತು. ಒಮ್ಮೆ ಬೆಳೆದ ನಂಬಿಕೆ ಮುದುಡಿದರೂ ಬೇರು ಉಳಿದಿರುತ್ತದೆ ಎಂದು ನನಗೆ ತೋರಿತು.

ಮರಿಗಳದು ಬೇರೆಯೇ ಲೆಕ್ಕ. ಹುಟ್ಟಿದ ಎರಡರಿಂದ ಏಳು ವಾರದೊಳಗೆ ಮನುಷ್ಯರ ಕೈ, ದನಿ, ವಾಸನೆ ಅಭ್ಯಾಸವಾದರೆ ಮರಿಗಳಿಗೆ ಮನುಷ್ಯರ ಹೆದರಿಕೆ ಬಹುಮಟ್ಟಿಗೆ ಹತ್ತುವುದೇ ಇಲ್ಲ. ವಾಚ್‌ಮನ್ನನ ಮಗ ದಿನಾ ಅವನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಎಕ್ಕ ಓದುತ್ತಿದ್ದ. ಎರಡೂ ಒಳ್ಳೆಯ ಮನೆ ಸೇರಿವೆ, ಒಂದು ಆಪಾರ ಮಗಳ ಮನೆ.

ಪುಟ್ಟಿಗೆ ಶಸ್ತ್ರಚಿಕಿತ್ಸೆ ಮಾಡಿಸಬೇಕಿತ್ತು. ಬೆಕ್ಕು ಬಸುರಾದ ಒಂಬತ್ತೇ ವಾರಕ್ಕೆ ಈಯುತ್ತದೆ, ವರ್ಷದಲ್ಲಿ ಎರಡು ಮೂರು ಸಲ. ಗಲ್ಲಿಯ ಮರಿಗಳಲ್ಲಿ ಬದುಕಿ ಉಳಿಯುವವು ಕೆಲವೇ. ಪಂಜರದಂಥ ಪೆಟ್ಟಿಗೆಯನ್ನು ಹತ್ತು ದಿನ ಬಾಗಿಲು ತೆರೆದೇ ಇಟ್ಟು, ಅದರೊಳಗೇ ತಟ್ಟೆ ಇಟ್ಟು ರೂಢಿ ಮಾಡಿಸಿದ್ದರಿಂದ ಒಯ್ಯುವುದು ಕಷ್ಟವಾಗಲಿಲ್ಲ. ಚಿಕಿತ್ಸೆಯಾದ ಬೆಕ್ಕಿನ ಕಿವಿಯ ತುದಿಯನ್ನು ಸ್ವಲ್ಪ ಕತ್ತರಿಸಿ ಗುರುತು ಮಾಡುತ್ತಾರೆ. ಹಾಗಾಗಿ ಈಗ ಅದರ ಎರಡು ಕಿವಿಯೂ ಸಮವಾದವು ಎಂದು ಆಪಾರ ತಮಾಷೆ.

ನಿಮ್ಮ ಗಲ್ಲಿಯಲ್ಲೂ ಇಂಥ ಅಂಜುಬುರುಕಿ ಇದ್ದೇ ಇರುತ್ತದೆ. ಅದಕ್ಕೆ ಒಂದು ತಟ್ಟೆ, ಒಂದು ಹೊತ್ತು, ಸ್ವಲ್ಪ ತಾಳ್ಮೆ ಸಾಕು. ಪರಚಿದರೆ, ಕಚ್ಚಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ಅಂದೇ ಚುಚ್ಚುಮದ್ದಿಗೆ ಹೋಗಿ. ಅರಿಸಿನ ಮೆತ್ತಿ ಸುಮ್ಮನಿರಬೇಡಿ. ಬೆಕ್ಕಿಗೆ ಜ್ವರವೆಂದು ಮನೆಯ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಒಂದು ಮಾತ್ರೆಯೇ ಜೀವ ತೆಗೆದೀತು. ಸಹಾಯ ಬೇಕೆಂದರೆ ನಮ್ಮೂರಲ್ಲಿ ಅಮಲಾ ಅಕ್ಕಿನೇನಿಯವರು 1992ರಲ್ಲಿ ಆರಂಭಿಸಿದ ಬ್ಲೂ ಕ್ರಾಸ್ ಸಂಸ್ಥೆ ಜುಬಿಲಿ ಹಿಲ್ಸ್‌ನಲ್ಲಿದೆ. ಕಟ್ಟಡದ ಸಮಿತಿಯಲ್ಲಿ ಯಾರಾದರೂ ಗೊಣಗಿದರೆ, ಜೀವಿಗಳಲ್ಲಿ ದಯೆ ತೋರುವುದು ನಾಗರಿಕರ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯಲ್ಲೇ ಬರೆದಿದೆ ಎಂದು ಮೆಲ್ಲಗೆ ಹೇಳಿ. ನಾನು ಹೇಳಿ ನೋಡಿದ್ದೇನೆ, ಕೆಲಸ ಮಾಡುತ್ತದೆ.

ಹಳೆಯ ಮನೆಯ ಜಾಗದಲ್ಲಿ ಈಗ ಐದು ಅಂತಸ್ತು ಎದ್ದಿದೆ. ಮೇಲಿನ ಮಹಡಿಗೆ ಬಂದ ಹೊಸ ಸೊಸೆಯೊಬ್ಬಳು ಮೊನ್ನೆ ಬಾಲ್ಕನಿಯಿಂದ ಕೂಗಿ ಕೇಳಿದಳು, "ಆಂಟಿ, ಅದು ನಿಮ್ಮ ಬೆಕ್ಕಾ?" ನನ್ನದು ಎನ್ನಲು ಬಾಯಿ ಬರಲಿಲ್ಲ. "ಕಾಚಿಗುಡದ್ದು ಕಣಮ್ಮ" ಎಂದೆ.