ನಿಂಬೆಯಲ್ಲದ ನಿಂಬೆ
ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿನ ಲೆಮನ್ ಮರ್ಟಲ್ ಮರ ನಮ್ಮ ಬ್ರಿಸ್ಬೇನಿನ ಬೀದಿಗಳಲ್ಲೂ ಕಾಣಸಿಗುತ್ತದೆ. ನೋಡಲು ಸಾಧಾರಣ, ಒಂದು ಎಲೆ ಹಿಸುಕಿ ಮೂಸಿ ನೋಡಿ! ನೇರಳೆ, ನೀಲಗಿರಿಗಳ ಬಳಗದ ಈ ಮರಕ್ಕೂ ನಿಂಬೆಗೂ ನಂಟಿಲ್ಲ. ಪರಿಮಳ ಸಿಟ್ರಾಲ್‌ನದು. ಇದರ ಎಣ್ಣೆಯಲ್ಲಿ ಅದು ಸಾಮಾನ್ಯವಾಗಿ ಶೇಕಡಾ 90ಕ್ಕೂ ಹೆಚ್ಚು. ನಿಂಬೆ ಸಿಪ್ಪೆಯ ಎಣ್ಣೆಯಲ್ಲೋ ತೀರಾ ಕಡಿಮೆ. ನಿಂಬೆಗಿಂತ ಇದೇ ಹೆಚ್ಚು ನಿಂಬೆ ಅನ್ನಿ.

ಊರಿಂದ ಬಂದ ನಮ್ಮತ್ತೆ ಮೂರು ವಾರ ಹೊಸಿಲು ದಾಟಿರಲಿಲ್ಲ. ಈ ಎಲೆ ಮೂಸಿದ್ದೇ, "ನಮ್ಮ ಹಿತ್ತಲಿನ ಮಜ್ಜಿಗೆ ಹುಲ್ಲಲ್ವೇನೇ ಇದು!" ಎಂದರು. ಮೂಗು ಸುಳ್ಳು ಹೇಳಲಿಲ್ಲ. ಮಜ್ಜಿಗೆ ಹುಲ್ಲಿನಲ್ಲಿರುವುದೂ ಮುಖ್ಯವಾಗಿ ಸಿಟ್ರಾಲೇ. ರಾತ್ರಿ ಕಷಾಯಕ್ಕೆ ಎರಡೆಲೆ ಬಿತ್ತು. ಎಲೆಯಲ್ಲಿ ನಿಂಬೆರಸದ ಹುಳಿಯಿಲ್ಲವಲ್ಲ, ಹಾಲು ಒಡೆಯಲಿಲ್ಲ. ಮರುದಿನ ಸಂಜೆ ಅತ್ತೆ ತಾವೇ ಚಪ್ಪಲಿ ಮೆಟ್ಟಿ, "ಆ ಮರದ ತನಕ ಹೋಗಿಬರೋಣ ಬಾ" ಎಂದರು.