ಊರೆಲ್ಲಿ?

ಮುಂಬಯಿಯಲ್ಲಿ ಇಬ್ಬರು ಕನ್ನಡಿಗರು ಕಲೆತರೆ ಮೊದಲು ಹೊರಡುವ ಪ್ರಶ್ನೆ, "ನಿಮ್ಮ ಊರು ಯಾವುದು?" ಎಂಬುದು. ಹುಟ್ಟಿ ಬೆಳೆದದ್ದು ಈ ನಗರದಲ್ಲಿಯೇ ಆದರೂ ನಾವು ಅಜ್ಜನ ಊರಿನ ಹೆಸರನ್ನೇ ಹೇಳುತ್ತೇವೆ. ಬೇಸಿಗೆಯ ರಜೆಯಲ್ಲಿ ಅಲ್ಲಿಗೆ ಹೋಗಿಬರುತ್ತೇವೆ. ಆ ಪ್ರಶ್ನೆಯಲ್ಲಿ ನೋವೂ ಇರಬಹುದೆಂದು ನಾವು ಎಣಿಸಿರಲಿಲ್ಲ.

ನಮ್ಮ ಬೀದಿಯಲ್ಲಿ ಮಗನ ಬಟ್ಟೆಯಂಗಡಿಯಲ್ಲಿ ಕುಳಿತಿರುವ ವೃದ್ಧ ಸಿಂಧಿಯೊಬ್ಬರಿದ್ದಾರೆ. ಒಮ್ಮೆ ಅವರನ್ನೂ ಹಾಗೆಯೇ ಕೇಳಿದೆವು. "ಉಲ್ಲಾಸನಗರ" ಎಂದರು. "ಅದಕ್ಕೆ ಮೊದಲು?" ಎಂದೆವು. ಅವರು ಮಾತಾಡದೆ ಬಟ್ಟೆಯನ್ನು ಮಡಿಸತೊಡಗಿದರು. ಮುದುಕರಿಗೆ ಸಿಡುಕು ಹೆಚ್ಚೆಂದು ನಾವು ನಗುತ್ತ ಹೊರಬಂದೆವು.

1947ರ ದೇಶವಿಭಜನೆಯನ್ನು ನಾವು ಓದದೆ ಇರಲಿಲ್ಲ. ಒಂದು ಕೋಟಿಗೂ ಮಿಕ್ಕ ಜನ ಮನೆಮಾರು ತೊರೆದರೆಂದು ಪರೀಕ್ಷೆಯಲ್ಲಿ ಬರೆದು ಅಂಕಗಳನ್ನೂ ಪಡೆದಿದ್ದೆವು. ಆದರೆ ಆ ಕೋಟಿಯಲ್ಲಿ ಒಬ್ಬರು ನಮ್ಮ ಬೀದಿಯಲ್ಲಿಯೇ ಇರಬಹುದೆಂದು ಹೊಳೆದಿರಲಿಲ್ಲ.

ಒಂದು ದಿನ ಗುರುಗಳು ಸಾದತ್ ಹಸನ್ ಮಂಟೋ ಅವರ 'ಟೋಬಾ ಟೇಕ್ ಸಿಂಗ್' ಕಥೆಯನ್ನು ಕನ್ನಡದಲ್ಲಿ ಹೇಳಿದರು. ಮುಂಬಯಿಯಲ್ಲಿ ಚಲಚ್ಚಿತ್ರಗಳಿಗೆ ಕಥೆ ಬರೆಯುತ್ತಿದ್ದ ಮಂಟೋ 1948ರಲ್ಲಿ ಲಾಹೋರಿಗೆ ಹೋದವರು. ಕಥೆಯಲ್ಲಿ ಎರಡು ಸರ್ಕಾರಗಳು ಹುಚ್ಚರನ್ನೂ ವಿಂಗಡಿಸಿ ಹಂಚಿಕೊಳ್ಳುತ್ತವೆ. ಬಿಶನ್ ಸಿಂಗನಿಗೆ ಒಂದೇ ಚಿಂತೆ: ತನ್ನ ಊರು ಟೋಬಾ ಟೇಕ್ ಸಿಂಗ್ ಈಗ ಎಲ್ಲಿದೆ? ಹಿಂದುಸ್ಥಾನದಲ್ಲಿಯೋ ಪಾಕಿಸ್ತಾನದಲ್ಲಿಯೋ? ಕಡೆಗೆ ಗಡಿಯಲ್ಲಿ, ಎರಡು ದೇಶಗಳಿಗೂ ಸೇರದ ತುಂಡು ನೆಲದ ಮೇಲೆ ಅವನು ಕುಸಿದು ಬೀಳುತ್ತಾನೆ.

ಕಥೆ ಮುಗಿದಾಗ ಬಟ್ಟೆ ಮಡಿಸುತ್ತಿದ್ದ ಆ ಕೈಗಳು ನಮ್ಮ ಕಣ್ಣೆದುರು ನಿಂತವು.

ಗುರುಗಳು ಇನ್ನೊಂದು ಮಾತನ್ನೂ ಹೇಳಿದರು. ಭೀಷ್ಮ ಸಾಹನಿಯವರು 1947ರಲ್ಲಿ ತಮ್ಮ ಊರಾದ ರಾವಳಪಿಂಡಿಯ ಗಲಭೆಯನ್ನು ಕಂಡವರು. 1970ರಲ್ಲಿ ನಮ್ಮ ನೆರೆಯ ಭಿವಂಡಿಯಲ್ಲಿ ಗಲಭೆಯಾದಾಗ ಅಲ್ಲಿಗೆ ಹೋಗಿ, ಹಾಳುಬಿದ್ದ ಮನೆಗಳನ್ನು ನೋಡಿದರು. ಹಳೆಯ ನೆನಪು ಎಚ್ಚೆತ್ತು 'ತಮಸ್' ಕಾದಂಬರಿಯಾಯಿತು. ಸಾಹಿತಿಯ ನೋವು ಮಾತಾಗುವುದಕ್ಕೇ ಇಪ್ಪತ್ತು ವರ್ಷಗಳು ಮಿಕ್ಕವು. ಅಂಗಡಿಯ ಮುದುಕರಿಂದ ಒಂದು ಕ್ಷಣದಲ್ಲಿ ಉತ್ತರ ಬಯಸಿದ್ದು ನಮ್ಮ ತಪ್ಪು. ಇತಿಹಾಸವು ಎಷ್ಟು ಮಂದಿ ಎಂದು ಎಣಿಸುತ್ತದೆ. ಸಾಹಿತ್ಯವು ಒಬ್ಬನ ಬಳಿ ಕುಳಿತುಕೊಳ್ಳುತ್ತದೆ.

ಮರುದಿನ ಅಂಗಡಿಗೆ ಹೋಗಿ ಕ್ಷಮೆ ಬೇಡಿದೆವು. ಏನನ್ನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ "ಶಿಕಾರಪುರ" ಎಂದರು. ಕರ್ನಾಟಕದಲ್ಲಿಯೂ ಶಿಕಾರಿಪುರವೆಂಬ ಊರಿದೆಯೆಂದು ನಾವು ತಿಳಿಸಿದೆವು.

"ಅಲ್ಲಿಗೆ ಬಸ್ಸು ಹೋಗುತ್ತದೆಯೇ?" ಎಂದು ಕೇಳಿದರು.

"ಹೋಗುತ್ತದೆ" ಎಂದೆವು. ಅವರು ತಲೆಯಾಡಿಸಿ, ನಮ್ಮನ್ನು ಕುಳ್ಳಿರಿಸಿ ಚಹಾ ತರಿಸಿದರು.